ಗಣಿ ನಿಂತ ಮೇಲೆ ಬೆಟ್ಟದ ಲೆಕ್ಕ: ಜೋಯಿಡಾ ಮ್ಯಾಂಗನೀಸ್ ಗಣಿಗಳ ಅವಶೇಷಗಳು ಹೇಳುವ ಪಾಠ

ಯಾವುದೇ ಉದ್ಯಮವನ್ನು ಆರಂಭಿಸುವಾಗ ಜಮೀನು, ಯಂತ್ರೋಪಕರಣ, ರಸ್ತೆ, ವಿದ್ಯುತ್, ಪರವಾನಗಿ ಮುಂತಾದವುಗಳಿಗೆ ತಗಲುವ ವೆಚ್ಚವನ್ನು ಮೊದಲೇ ಅಂದಾಜು ಮಾಡಲಾಗುತ್ತದೆ. ಅದೇ ಉದ್ಯಮವನ್ನು ಮುಚ್ಚುವಾಗ ತಗಲುವ ವೆಚ್ಚವನ್ನು ಅಂದಾಜು ಮಾಡುವವರು ವಿರಳ. ಕಾರ್ಖಾನೆಯಾದರೆ ಯಂತ್ರಗಳನ್ನು ಮಾರಬಹುದು, ಕಟ್ಟಡವನ್ನು ಬಾಡಿಗೆಗೆ ಕೊಡಬಹುದು. ಗಣಿಯ ವಿಷಯ ಹಾಗಲ್ಲ. ಅದಿರು ಮಾರಾಟವಾದ ಮೇಲೆ ಗುತ್ತಿಗೆದಾರನ ಕೈಯಲ್ಲಿ ಉಳಿಯುವುದು ಹೊಂಡ ಮತ್ತು ಮಣ್ಣಿನ ಗುಡ್ಡೆ, ಅವೆರಡಕ್ಕೂ ಗಿರಾಕಿಗಳಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ವ್ಯಾಪಾರಸ್ಥರಿಗೆ ಇದು ದೂರದ ಊರಿನ ಸಂಗತಿಯಲ್ಲ. ಜೋಯಿಡಾದ ಬೆಟ್ಟಗಳಲ್ಲಿ ದಶಕಗಳ ಕಾಲ ಮ್ಯಾಂಗನೀಸ್ ಅದಿರನ್ನು ತೆಗೆಯಲಾಯಿತು. ಇಂದು ಆ ಗಣಿಗಳು ನಿಂತಿವೆ. ಅವುಗಳಿದ್ದ ಬೆಟ್ಟಗಳಲ್ಲಿ ಏನು ಉಳಿದಿದೆ, ಏಕೆ ಹಾಗೆ ಉಳಿದಿದೆ, ಅದರ ವೆಚ್ಚವನ್ನು ಯಾರು ಭರಿಸಬೇಕಾಗಿತ್ತು ಎಂಬುದನ್ನು ತಿಳಿದುಕೊಂಡರೆ ಇಂದು ಸಣ್ಣ ಕಲ್ಲುಕ್ವಾರಿ ನಡೆಸುವವರಿಗೂ ಪ್ರಯೋಜನವಿದೆ.

ಪಾಟಿ ಕಲ್ಲಿನ ಬಂಧುಗಳ ನಡುವೆ ಅದಿರು

ಹಿಂದೆ ಶಾಲೆಯ ಮಕ್ಕಳ ಕೈಯಲ್ಲಿದ್ದ ಪಾಟಿ ಅಥವಾ ಸ್ಲೇಟು, ಕೆಸರಿನಿಂದ ಆದ ಕಲ್ಲು. ಪುರಾತನ ಕಾಲದ ಸಮುದ್ರ ಅಥವಾ ಸರೋವರದ ತಳದಲ್ಲಿ ನೆಲೆಸಿದ ನುಣುಪಾದ ಜೇಡಿ, ಭೂಮಿಯ ಒತ್ತಡ ಮತ್ತು ಶಾಖಕ್ಕೆ ಸಿಲುಕಿದಾಗ ಅದರೊಳಗಿನ ಹೊಪ್ಪಳಿಕೆಯಂಥ ಖನಿಜಕಣಗಳು ಒಂದೇ ದಿಕ್ಕಿಗೆ ತಿರುಗಿ ಸಾಲಾಗುತ್ತವೆ. ಆದ್ದರಿಂದಲೇ ಸ್ಲೇಟು ಹಾಳೆ ಹಾಳೆಯಾಗಿ ಸೀಳುತ್ತದೆ. ಆಂಧ್ರಪ್ರದೇಶದ ಮಾರ್ಕಾಪುರವು ಇಂತಹ ಕಲ್ಲಿಗೆ ಹೆಸರಾದ ಊರು. ಇದೇ ಕಲ್ಲು ಇನ್ನಷ್ಟು ಶಾಖ ಮತ್ತು ಒತ್ತಡವನ್ನು ಕಂಡರೆ ರೇಷ್ಮೆಯ ಹೊಳಪಿನ ಫಿಲೈಟ್ ಆಗುತ್ತದೆ. ಅದಕ್ಕೂ ಮುಂದಿನ ಹಂತ ಶಿಸ್ಟ್.

ಉತ್ತರ ಕನ್ನಡದ ಘಟ್ಟದ ಮೇಲಿನ ಮ್ಯಾಂಗನೀಸ್ ಅದಿರು ಈ ಫಿಲೈಟ್ ಮತ್ತು ಅದರ ಜೊತೆಗಿರುವ ಶಿಲೆಗಳ ನಡುವೆ ದೊರೆಯುತ್ತದೆ. ಇವು ಧಾರವಾಡ ಶಿಲಾವರ್ಗಕ್ಕೆ ಸೇರಿದವು. ಇವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೀರಿದ್ದು. ಕೆಸರಿನ ಜೊತೆಗೆ ನೆಲೆಸಿದ ಮ್ಯಾಂಗನೀಸ್ ಮೂಲದಲ್ಲಿ ತೆಳುವಾಗಿ ಹರಡಿತ್ತು. ಆನಂತರ ಲಕ್ಷಾಂತರ ವರ್ಷ ಸುರಿದ ಮಳೆ, ಕಲ್ಲಿನಲ್ಲಿದ್ದ ಕರಗುವ ಅಂಶಗಳನ್ನು ತೊಳೆದೊಯ್ದಿತು. ಸುಲಭವಾಗಿ ತೊಳೆದುಹೋಗದ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಮೇಲ್ಭಾಗದಲ್ಲಿ ಗಟ್ಟಿಗೊಂಡವು. ಪೈರೋಲುಸೈಟ್, ಸೈಲೋಮಿಲೇನ್ ಎಂಬ ಕಪ್ಪು ಖನಿಜಗಳು ಹೀಗೆ ಕೂಡಿಕೊಂಡವು.

ಈ ರಚನೆಯ ಕಾರಣವನ್ನು ತಿಳಿದರೆ ಅವಶೇಷಗಳ ರೂಪವೂ ಅರ್ಥವಾಗುತ್ತದೆ. ಮಳೆಯಿಂದ ಕೂಡಿಕೊಂಡ ಅದಿರು ನೆಲದ ಮೇಲ್ಪದರದಲ್ಲಿರುತ್ತದೆ, ಆಳಕ್ಕೆ ಹೋದಂತೆ ಕ್ಷೀಣಿಸುತ್ತದೆ. ಅದು ಒಂದೇ ಸಮನಾದ ಪದರವಾಗಿರದೆ ಅಲ್ಲಲ್ಲಿ ಗೂಡುಗೂಡಾಗಿರುತ್ತದೆ. ಆದ್ದರಿಂದ ಇಂಥ ಬೆಟ್ಟಗಳಲ್ಲಿ ಕೋಲಾರದಂತಹ ಆಳವಾದ ಸುರಂಗಗಳಾಗಲಿ, ಕುದುರೆಮುಖದಂತಹ ಒಂದೇ ಬೃಹತ್ ಗಣಿಯಾಗಲಿ ಉಂಟಾಗುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ, ಇಳಿಜಾರಿನಲ್ಲಿ ಚದುರಿದ ಅನೇಕ ತೆರೆದ ಹೊಂಡಗಳು ಬೀಳುತ್ತವೆ. ಹೊಂಡ ಸಣ್ಣದಾದರೂ ಪ್ರತಿಯೊಂದಕ್ಕೂ ರಸ್ತೆ ಬೇಕು, ಮಣ್ಣು ಸುರಿಯಲು ಸ್ಥಳ ಬೇಕು. ಅಗೆದ ಜಾಗಕ್ಕಿಂತ ಕೆಡುವ ಜಾಗ ಹೆಚ್ಚಾಗುವುದು ಇದರಿಂದಲೇ.

ಉಕ್ಕಿನ ಬೇಡಿಕೆ ಮತ್ತು ಕಾಡಿನ ದಾರಿ

ಮ್ಯಾಂಗನೀಸಿಗೆ ಇಷ್ಟು ಬೇಡಿಕೆ ಏಕೆ? ಉತ್ಪಾದನೆಯಾಗುವ ಮ್ಯಾಂಗನೀಸಿನಲ್ಲಿ ಸುಮಾರು ಶೇ. 90ರಷ್ಟು ಉಕ್ಕಿನ ಉದ್ಯಮಕ್ಕೆ ಹೋಗುತ್ತದೆ. ಅದು ಕರಗಿದ ಉಕ್ಕಿನಲ್ಲಿರುವ ಆಮ್ಲಜನಕ ಮತ್ತು ಗಂಧಕದ ದೋಷವನ್ನು ನಿವಾರಿಸಿ ಲೋಹಕ್ಕೆ ಬಲ ಕೊಡುತ್ತದೆ. ಈ ಕೆಲಸಕ್ಕೆ ಸರಿಸಾಟಿಯಾದ ಬೇರೆ ಲೋಹವಿಲ್ಲ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಶೇ. 12ರಷ್ಟು ಮ್ಯಾಂಗನೀಸ್ ಸೇರಿಸಿ ತಯಾರಿಸಿದ ಉಕ್ಕು, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಗುಣದಿಂದ ರೈಲ್ವೆ ಹಳಿಗಳ ಕೂಡುದಾಣಗಳಲ್ಲಿ ಮತ್ತು ಕಲ್ಲುಪುಡಿ ಯಂತ್ರಗಳ ದವಡೆಗಳಲ್ಲಿ ಬಳಕೆಗೆ ಬಂತು. ಜೆಲ್ಲಿ ಕ್ರಷರ್ ನಡೆಸುವವರಿಗೆ ಇದು ಪರಿಚಿತ ವಸ್ತು. ಟಾರ್ಚಿನ ಒಣ ಬ್ಯಾಟರಿಯಲ್ಲಿಯೂ ಮ್ಯಾಂಗನೀಸ್ ಡಯಾಕ್ಸೈಡ್ ಇರುತ್ತದೆ.

ಭಾರತದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ 1890ರ ದಶಕದ ಆರಂಭದಲ್ಲಿ ವಿಶಾಖಪಟ್ಟಣ ಪ್ರದೇಶದಲ್ಲಿ ಮೊದಲಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಎಲ್. ಎಲ್. ಫರ್ಮರ್ 1909ರಲ್ಲಿ ದೇಶದ ಮ್ಯಾಂಗನೀಸ್ ನಿಕ್ಷೇಪಗಳ ಬಗ್ಗೆ ಬೃಹತ್ ಗ್ರಂಥವನ್ನೇ ಪ್ರಕಟಿಸಿದರು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಭಾರತವು ರಷ್ಯಾದೊಡನೆ ಪೈಪೋಟಿ ನಡೆಸುತ್ತಿದ್ದ ಪ್ರಮುಖ ಉತ್ಪಾದಕ ದೇಶವಾಗಿತ್ತು.

ಉತ್ತರ ಕನ್ನಡದಲ್ಲಿ ಆಗಿನ ಸೂಪಾ ತಾಲ್ಲೂಕು ಅಂದರೆ ಇಂದಿನ ಜೋಯಿಡಾ, ಮತ್ತು ನೆರೆಯ ಯಲ್ಲಾಪುರ ತಾಲ್ಲೂಕಿನ ಬಿಸಗೋಡ ಭಾಗಗಳು ಈ ಅದಿರಿಗೆ ಹೆಸರಾದವು. ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವ ಬಂದರಿಗೆ ಇಳಿಯುವ ರೈಲುಮಾರ್ಗ ಜೋಯಿಡಾದ ಅಂಚಿನಲ್ಲಿಯೇ ಇತ್ತು. ಅಳ್ನಾವರದಿಂದ ದಾಂಡೇಲಿಗೆ, ಕಾಡಿನ ಮರಮಟ್ಟು ಸಾಗಿಸಲು ಹಾಕಿದ ರೈಲುಮಾರ್ಗವೂ ಇತ್ತು. 1950ರ ದಶಕದಲ್ಲಿ ದಾಂಡೇಲಿಯಲ್ಲಿಯೇ ಫೆರೋ ಮ್ಯಾಂಗನೀಸ್ ಕಾರ್ಖಾನೆ ಆರಂಭವಾಯಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇದೇ ದಶಕದ ಕೊನೆಯಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿತು. ಕಾಡು, ನೀರು ಮತ್ತು ಅದಿರು ಒಂದೆಡೆ ದೊರೆತ ಕಾರಣ ದಾಂಡೇಲಿ ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು.

ಇದೇ ಕಾಲದಲ್ಲಿ ಇನ್ನೊಂದು ಬೆಳವಣಿಗೆಯೂ ನಡೆಯಿತು. 1956ರ ಮೇ 10ರಂದು ದಾಂಡೇಲಿ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು. ಅದಿರಿನ ಬೆಟ್ಟ ಮತ್ತು ಹುಲಿಯ ಬೆಟ್ಟ ಬೇರೆಬೇರೆಯಾಗಿರಲಿಲ್ಲ. ಮುಂದಿನ ನಾಲ್ಕು ದಶಕಗಳ ತಿಕ್ಕಾಟಕ್ಕೆ ಇದೇ ಬೀಜ.

ಗಣಿಗಳು ನಿಂತ ಬಗೆ

1980ರ ಅಕ್ಟೋಬರ್ 25ರಂದು ಜಾರಿಗೆ ಬಂದ ಅರಣ್ಯ ಸಂರಕ್ಷಣಾ ಕಾಯ್ದೆಯು ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ರಚನೆಯಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರದ ಅನುಮತಿಯಿಲ್ಲದೆ ಅರಣ್ಯದಲ್ಲಿ ನಡೆಯುತ್ತಿರುವ ಗಣಿಗಾರಿಕೆ ಮುಂತಾದ ಚಟುವಟಿಕೆಗಳು ಕೂಡಲೇ ನಿಲ್ಲಬೇಕೆಂದು ಆದೇಶಿಸಿತು. ಈ ಭಾಗದ ಕಾಡಿನೊಳಗಿನ ಮ್ಯಾಂಗನೀಸ್ ಗಣಿಗಳು ಇಂತಹ ನಿರ್ಬಂಧಗಳ ನಡುವೆ ಒಂದೊಂದಾಗಿ ಸ್ತಬ್ಧಗೊಂಡವು.

2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿ, 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಬಂತು. 2023ರ ಏಪ್ರಿಲ್ 26ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ ಹಾಗೂ ಅಭಯಾರಣ್ಯಗಳ ಒಳಗೆ ಮತ್ತು ಅವುಗಳ ಗಡಿಯಿಂದ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಹೀಗಾಗಿ ಸಂರಕ್ಷಿತ ಪ್ರದೇಶದೊಳಗಿನ ಹಳೆಯ ಗಣಿಗಳು ಮತ್ತೆ ತೆರೆಯುವ ಪ್ರಶ್ನೆ ಇಲ್ಲ. ಅವುಗಳನ್ನು ಹೇಗೆ ಮುಚ್ಚಬೇಕಾಗಿತ್ತು ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ನಿಕ್ಷೇಪ ಮುಗಿದು ಯೋಜಿತವಾಗಿ ಮುಚ್ಚುವ ಗಣಿಗೂ, ಆದೇಶ ಬಂದು ನಿಲ್ಲುವ ಗಣಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೊನೆಯ ವರ್ಷಗಳ ಆದಾಯದಿಂದ ದುರಸ್ತಿ ಕಾರ್ಯ ನಡೆಸಬಹುದು. ಎರಡನೆಯದರಲ್ಲಿ ಆದಾಯ ಮತ್ತು ಆಸಕ್ತಿ ಎರಡೂ ಒಂದೇ ದಿನ ನಿಲ್ಲುತ್ತವೆ. ಅರ್ಧ ಅಗೆದ ಹೊಂಡ ಅರ್ಧಕ್ಕೇ ಉಳಿಯುತ್ತದೆ.

ಅವಶೇಷಗಳನ್ನು ಓದುವ ಬಗೆ

ಕೈಬಿಟ್ಟ ಬೆಟ್ಟದ ಗಣಿಯನ್ನು ಪರಿಶೀಲಿಸುವವರು ಐದು ಅಂಶಗಳನ್ನು ಕ್ರಮವಾಗಿ ಗಮನಿಸಬೇಕು.

ಮೊದಲನೆಯದು ರಸ್ತೆ. ಇಳಿಜಾರನ್ನು ಕಡಿದು ಮಾಡಿದ ಲಾರಿ ರಸ್ತೆಯು ಬೆಟ್ಟದ ಮೇಲಿನಿಂದ ಇಳಿದುಬರುವ ನೀರನ್ನು ತಡೆದು, ತನ್ನ ಮೈಮೇಲೆ ಹರಿಸಿಕೊಂಡು, ಒಂದೇ ಕಡೆ ಕೆಳಗೆ ಸುರಿಯುತ್ತದೆ. ಗಣಿ ನಡೆಯುವಾಗ ಚರಂಡಿ ತೆಗೆಯಲು ಆಳುಗಳಿರುತ್ತಾರೆ. ನಿಂತ ಎರಡು ಮಳೆಗಾಲದೊಳಗೆ ಚರಂಡಿ ಹೂಳುತ್ತದೆ, ರಸ್ತೆಯೇ ಹಳ್ಳವಾಗುತ್ತದೆ.

ಎರಡನೆಯದು ಹೊಂಡದ ಗೋಡೆ. ಸುಸ್ಥಿತಿಯ ಗಣಿಯಲ್ಲಿ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಾಗುತ್ತದೆ. ಅದಿರಿನ ಆಸೆಗೆ ಮೆಟ್ಟಿಲಿನ ಬುಡವನ್ನೂ ಕೆತ್ತಿದರೆ ಗೋಡೆ ನೆಟ್ಟಗಾಗುತ್ತದೆ. ಫಿಲೈಟ್ ಪದರ ಪದರವಾದ ಕಲ್ಲು. ಪದರವು ಹೊಂಡದ ಕಡೆಗೆ ವಾಲಿದ್ದರೆ, ನಡುವೆ ನೀರು ಇಳಿದಾಗ ಮೇಲಿನ ಪದರವು ಕೆಳಗಿನದರ ಮೇಲೆ ಜಾರುತ್ತದೆ. ಪಾಟಿಯನ್ನು ಸುಲಭವಾಗಿ ಸೀಳಲು ನೆರವಾಗುವ ಗುಣವೇ ಇಲ್ಲಿ ಅಪಾಯದ ಮೂಲ. ಹೊಂಡದ ಅಂಚಿಗೆ ಹೋಗಿ ನಿಲ್ಲುವುದು ಜೀವಕ್ಕೆ ಅಪಾಯಕರವೆನ್ನುವುದು ಇದೇ ಕಾರಣಕ್ಕೆ.

ಮೂರನೆಯದು ನೀರು. ಮಳೆಗಾಲದಲ್ಲಿ ತುಂಬಿದ ಹೊಂಡ ಕೆರೆಯಂತೆ ಕಾಣುತ್ತದೆ. ಕೆರೆಗೆ ಇಳಿಜಾರಾದ ಅಂಚಿರುತ್ತದೆ. ಗಣಿ ಹೊಂಡಕ್ಕೆ ಇರುವುದಿಲ್ಲ. ಕಾಲು ಜಾರಿದ ದನವಾಗಲಿ, ಕಡವೆಯಾಗಲಿ, ಮನುಷ್ಯನಾಗಲಿ ಮೇಲೆ ಬರುವುದು ಕಷ್ಟ. ಒಂದು ಪಕ್ಕವನ್ನಾದರೂ ಇಳಿಜಾರಾಗಿ ತಗ್ಗಿಸಿದರೆ ಅದೇ ಹೊಂಡ ವನ್ಯಪ್ರಾಣಿಗಳಿಗೆ ಬೇಸಗೆಯ ನೀರಿನ ತಾಣವಾಗಬಲ್ಲದು. ನೀರು ತಿಳಿಯಾಗಿದ್ದ ಮಾತ್ರಕ್ಕೆ ಕುಡಿಯಲು ಯೋಗ್ಯವೆಂದು ಭಾವಿಸಬಾರದು. ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 0.3ರವರೆಗೆ ಸಹಿಸಬಹುದು ಎಂಬುದು 2012ರ ಭಾರತೀಯ ಮಾನಕ. ಆಮ್ಲಜನಕ ಕಡಿಮೆಯಿರುವ ಆಳದ ನೀರಿನಲ್ಲಿ ಮ್ಯಾಂಗನೀಸ್ ಕರಗುವ ಸಂಭವ ಹೆಚ್ಚು. ಪರೀಕ್ಷೆಯಿಲ್ಲದೆ ಬಳಸಕೂಡದು.

ನಾಲ್ಕನೆಯದು ಮಣ್ಣಿನ ಗುಡ್ಡೆ. ಅದಿರಲ್ಲದ ಮಣ್ಣುಕಲ್ಲನ್ನು ಲಾರಿಯಿಂದ ಇಳಿಜಾರಿಗೆ ಸುರಿದಾಗ ಅದು ತಾನಾಗಿ ಸುಮಾರು 35ರಿಂದ 37 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಒಣಗಿದ್ದಾಗ ನಿಂತ ಗುಡ್ಡೆ, ಒಳಗೆ ನೀರು ತುಂಬಿದಾಗ ನಿಲ್ಲುವುದೆಂಬ ಭರವಸೆಯಿಲ್ಲ. 1966ರ ಅಕ್ಟೋಬರ್ 21ರಂದು ವೇಲ್ಸ್ ದೇಶದ ಅಬರ್‌ಫಾನ್ ಎಂಬ ಹಳ್ಳಿಯ ಮೇಲೆ ಕಲ್ಲಿದ್ದಲು ಗಣಿಯ ಗುಡ್ಡೆ ಕುಸಿದು 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ಆ ಗುಡ್ಡೆಯನ್ನು ನೀರಿನ ಸೆಲೆಯ ಮೇಲೆ ಸುರಿಯಲಾಗಿತ್ತು. ಘಟ್ಟದ ಮಳೆ ವೇಲ್ಸಿನ ಮಳೆಗಿಂತ ಕಠಿಣ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ನಡೆದ ಭೂಕುಸಿತವನ್ನು ನೆನೆದರೆ, ಈ ಇಳಿಜಾರುಗಳು ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಅಂತಹ ಇಳಿಜಾರಿನ ಮೇಲೆ ಸಡಿಲ ಮಣ್ಣಿನ ಭಾರ ಹೇರುವವರು ಎರಡು ಬಾರಿ ಯೋಚಿಸಬೇಕು.

ಐದನೆಯದು ಹಸಿರು. ಗುಡ್ಡೆಯ ಮೇಲೆ ಹಸಿರು ಕಂಡೊಡನೆ ಕಾಡು ಮರಳಿತೆಂದು ಸಮಾಧಾನಪಡುವಂತಿಲ್ಲ. ಬಂಜರಿನಲ್ಲಿ ಮೊದಲು ಹಬ್ಬುವುದು ಯುಪಟೋರಿಯಂ, ಲಂಟಾನದಂತಹ ಕಳೆಗಳು. ನೆಟ್ಟದ್ದಾದರೆ ಹೆಚ್ಚಾಗಿ ಅಕೇಶಿಯಾ. ಮತ್ತಿ, ನಂದಿ, ಹೊನ್ನೆ ಮುಂತಾದ ಮರಗಳು ಬರಬೇಕಾದರೆ ಮೇಲ್ಮಣ್ಣು ಬೇಕು. ಅಗೆಯುವ ಮೊದಲ ದಿನ ಆ ತೆಳುವಾದ ಕಪ್ಪು ಮಣ್ಣನ್ನು ಬೇರೆಯಾಗಿ ತೆಗೆದಿಡದೆ, ಉಳಿದ ಮಣ್ಣಿನ ಅಡಿಯಲ್ಲಿ ಹೂತುಬಿಟ್ಟರೆ, ಅದರೊಳಗಿನ ಬೀಜ ಮತ್ತು ಜೀವಾಣುಗಳೂ ಹೂತುಹೋಗುತ್ತವೆ. ಅನಂತರ ಎಷ್ಟು ಸಸಿ ನೆಟ್ಟರೂ ಫಲ ಅಲ್ಪ.

ಹಳೆಯ ಗಣಿಗಳನ್ನು ನೋಡುವ ಕುತೂಹಲವಿರುವವರಿಗೆ ಒಂದು ಎಚ್ಚರಿಕೆ ಅಗತ್ಯ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ. ಅರಣ್ಯ ಇಲಾಖೆಯ ಒಪ್ಪಿಗೆ ಮತ್ತು ಮಾರ್ಗದರ್ಶನವಿಲ್ಲದೆ ಯಾರೂ ಹೋಗಬಾರದು.

ಮುಚ್ಚುವ ವೆಚ್ಚಕ್ಕೆ ಕಾನೂನು ಬಂದುದು ತಡವಾಗಿ

ಗಣಿ ಮುಚ್ಚುವ ಯೋಜನೆಯನ್ನು ಸಲ್ಲಿಸಬೇಕು, ಅದಕ್ಕೆ ಆರ್ಥಿಕ ಭದ್ರತೆ ಒದಗಿಸಬೇಕು ಎಂಬ ಸ್ಪಷ್ಟ ನಿಯಮ ದೇಶದಲ್ಲಿ ಬಂದದ್ದು 2003ರ ಏಪ್ರಿಲ್‌ನಲ್ಲಿ, ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ ತಂದ ತಿದ್ದುಪಡಿಯ ಮೂಲಕ. ಅದರಂತೆ 'ಎ' ವರ್ಗದ ಗಣಿಗೆ ಹೆಕ್ಟೇರಿಗೆ ರೂ. 25,000 ಮತ್ತು 'ಬಿ' ವರ್ಗಕ್ಕೆ ರೂ. 15,000 ಭದ್ರತೆ ನಿಗದಿಯಾಯಿತು. 2017ರ ನಿಯಮಗಳಲ್ಲಿ ಇದು ಕ್ರಮವಾಗಿ ರೂ. 3 ಲಕ್ಷ ಮತ್ತು ರೂ. 2 ಲಕ್ಷವಾಯಿತು, 2021ರಲ್ಲಿ ರೂ. 5 ಲಕ್ಷ ಮತ್ತು ರೂ. 3 ಲಕ್ಷಕ್ಕೇರಿತು.

ಈ ಅಂಕಿಗಳನ್ನು ಒಂದು ಉದಾಹರಣೆಯಿಂದ ನೋಡಬಹುದು. 20 ಹೆಕ್ಟೇರ್ ಬಳಕೆಯಲ್ಲಿರುವ 'ಬಿ' ವರ್ಗದ ಗಣಿಯ ಭದ್ರತೆ 2003ರ ದರದಲ್ಲಿ ರೂ. 3 ಲಕ್ಷ, 2021ರ ದರದಲ್ಲಿ ರೂ. 60 ಲಕ್ಷ. ಇಪ್ಪತ್ತು ಪಟ್ಟು ಹೆಚ್ಚಳ. ಬೆಲೆಯೇರಿಕೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಮೊದಲ ದರವು ನಿಜವಾದ ವೆಚ್ಚಕ್ಕೆ ಸಾಲದಾಗಿತ್ತೆಂಬುದಕ್ಕೂ ಈ ಏರಿಕೆ ಸಾಕ್ಷಿ.

2003ಕ್ಕೆ ಮುಂಚೆಯೇ ನಿಂತ ಗಣಿಗಳಿಗೆ ಇಂತಹ ಭದ್ರತೆಯ ಹಣವೇ ಇರಲಿಲ್ಲ. ಲಾಭವು ಗುತ್ತಿಗೆದಾರರಿಗೆ, ರಾಯಧನವು ಸರ್ಕಾರಕ್ಕೆ ಸಂದಾಯವಾಯಿತು. ಹೊಂಡವನ್ನು ಸರಿಪಡಿಸುವ ಬಾಕಿ ಕಾಡಿಗೂ, ಕೆಳಗಿನ ಹೊಳೆಗೂ, ಹೊಳೆಯ ನೀರನ್ನು ನಂಬಿದ ಗದ್ದೆ-ತೋಟಗಳಿಗೂ ವರ್ಗಾವಣೆಯಾಯಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಪುಸ್ತಕದಲ್ಲಿ ಬರೆಯದ ಸಾಲವಿದು.

ಕಾನೂನಿನ ಕಟ್ಟುಪಾಡು ಇದ್ದಾಗ ಫಲ ಹೇಗಿರಬಲ್ಲದೆಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ನೀಡಿದ ತೀರ್ಪು, ಪುನಶ್ಚೇತನ ಯೋಜನೆ ಜಾರಿಯಾದ ಮೇಲೆಯೇ ಗಣಿಗಾರಿಕೆ ಎಂಬ ತತ್ತ್ವವನ್ನು ಸ್ಥಿರಪಡಿಸಿತು. 2015ರ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾಗಿ, ರಾಯಧನದ ಜೊತೆಗೆ ಗುತ್ತಿಗೆದಾರರು ನೀಡುವ ವಂತಿಗೆ ಗಣಿಬಾಧಿತ ಪ್ರದೇಶಗಳಿಗೆ ಮೀಸಲಾಯಿತು.

ಹೊಂಡವೇ ಆಸ್ತಿಯಾದ ನಿದರ್ಶನ

ಮುಚ್ಚಿದ ಗಣಿ ಎಂದೆಂದಿಗೂ ಹೊರೆಯಾಗಿಯೇ ಇರಬೇಕೆಂಬ ನಿಯಮವಿಲ್ಲ. ವಾಯವ್ಯ ವೇಲ್ಸಿನ ಪರ್ವತಗಳಲ್ಲಿ ಸ್ಲೇಟು ಕಲ್ಲಿನ ಬೃಹತ್ ಗಣಿಗಳಿದ್ದವು. ಅವುಗಳಲ್ಲಿ ಒಂದಾದ ಡಿನೋರ್ವಿಗ್ 1969ರಲ್ಲಿ ಮುಚ್ಚಿತು. ಅದರ ಕಾರ್ಯಾಗಾರವನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದರಿಂದ 1972ರಲ್ಲಿ ಅಲ್ಲಿಯೇ ವಸ್ತುಸಂಗ್ರಹಾಲಯ ತೆರೆಯಲು ಸಾಧ್ಯವಾಯಿತು. ಅದೇ ಪರ್ವತದ ಒಳಗೆ ನೀರನ್ನು ಮೇಲೆತ್ತಿ ಇಳಿಸುವ ಜಲವಿದ್ಯುತ್ ಕೇಂದ್ರ 1984ರಲ್ಲಿ ಕಾರ್ಯಾರಂಭ ಮಾಡಿತು. 2021ರಲ್ಲಿ ಆ ಪ್ರದೇಶದ ಸ್ಲೇಟು ಗಣಿಗಳ ಭೂದೃಶ್ಯವು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಜೋಯಿಡಾದ ಬೆಟ್ಟಗಳಿಗೆ ಇದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ವೇಲ್ಸಿನ ಗಣಿಗಳ ಪಕ್ಕದಲ್ಲಿ ಊರುಗಳಿದ್ದವು. ಇಲ್ಲಿ ಪಕ್ಕದಲ್ಲಿರುವುದು ಹುಲಿ, ಕರಿಚಿರತೆ, ಮಂಗಟ್ಟೆ ಹಕ್ಕಿಗಳ ನೆಲೆ. ಕಾಡಿನೊಳಗಿನ ಹೊಂಡಗಳನ್ನು ಕಾಡಿಗೇ ಮರಳಿಸುವುದು ಯೋಗ್ಯ. ಆದರೆ ಗಣಿ ನಡೆದ ಕಾಲದ ಛಾಯಾಚಿತ್ರ, ನಕ್ಷೆ, ಹಾಜರಿ ಪುಸ್ತಕ, ಉಪಕರಣ ಮತ್ತು ಅದಿರಿನ ಮಾದರಿಗಳನ್ನು ಒಂದೆಡೆ ಕೂಡಿಸಿ ದಾಂಡೇಲಿ ಪಟ್ಟಣದಲ್ಲಿ ಸಣ್ಣ ಪ್ರದರ್ಶನಾಲಯ ಮಾಡಲು ಅಡ್ಡಿಯಿಲ್ಲ. ಕಾಳಿ ನದಿಯ ರಾಫ್ಟಿಂಗ್‌ಗೆಂದು ಬರುವ ಪ್ರವಾಸಿಗನಿಗೆ ಈ ಪಟ್ಟಣ ಬೆಳೆದ ಬಗೆಯನ್ನು ತಿಳಿಸುವ ಸ್ಥಳ ಇರಬೇಡವೇ? ಗಣಿಯಲ್ಲಿ ದುಡಿದ ಹಿರಿಯರು ಇರುವಾಗಲೇ ಅವರ ನೆನಪುಗಳನ್ನು ದಾಖಲಿಸುವುದು ಇದಕ್ಕಿಂತಲೂ ತುರ್ತಿನ ಕೆಲಸ.

ಇಂದಿನ ಕ್ವಾರಿದಾರರು ಗಮನಿಸಬೇಕಾದುದು

ರಸ್ತೆ, ಮನೆ, ಸೇತುವೆಗಳಿಗೆ ಕಲ್ಲು ಮತ್ತು ಮುರಂ ಬೇಕೇ ಬೇಕು. ಕಲ್ಲುಕ್ವಾರಿ ನಡೆಸುವುದು ತಪ್ಪಲ್ಲ. ಮುಕ್ತಾಯವನ್ನು ಯೋಚಿಸದೆ ನಡೆಸುವುದು ತಪ್ಪು. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿದ ಮೇಲೆ, ಸಣ್ಣ ಕ್ವಾರಿ ಎಂಬ ಕಾರಣಕ್ಕೆ ಹೊಣೆಯಿಂದ ಪಾರಾಗುವಂತಿಲ್ಲ. ಜೋಯಿಡಾದ ಬೆಟ್ಟಗಳ ಅನುಭವದಿಂದ ಕೆಳಗಿನ ಕ್ರಮಗಳನ್ನು ಸೂಚಿಸಬಹುದು.

1. ಮೊದಲ ದಿನವೇ ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಡಬೇಕು. ಮಳೆಗೆ ಕೊಚ್ಚಿಹೋಗದಂತೆ ಹುಲ್ಲು ಬೆಳೆಸಬೇಕು.

2. ಗುಡ್ಡೆಗೆ ಜಾಗ ಆರಿಸುವಾಗ ಹಳ್ಳದ ತಲೆ ಮತ್ತು ನೀರಿನ ಸೆಲೆಗಳನ್ನು ಬಿಡಬೇಕು. ಗುಡ್ಡೆಯ ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತಲೂ ಕಾಲುವೆ, ಹೂಳು ನಿಲ್ಲಲು ಗುಂಡಿ ಬೇಕು.

3. ಹೊಂಡದ ಒಂದು ಭಾಗದ ಕೆಲಸ ಮುಗಿದೊಡನೆ ಮುಂದಿನ ಭಾಗದ ಮಣ್ಣನ್ನು ಅಲ್ಲಿಗೇ ತುಂಬುತ್ತ ಹೋಗಬೇಕು. ಕೊನೆಯಲ್ಲಿ ಒಮ್ಮೆಲೇ ಮಾಡುವುದಕ್ಕಿಂತ ಇದು ಅಗ್ಗ, ಏಕೆಂದರೆ ಯಂತ್ರ ಮತ್ತು ಆಳುಗಳು ಸ್ಥಳದಲ್ಲಿಯೇ ಇರುತ್ತಾರೆ.

4. ಮಾರಿದ ಪ್ರತಿ ಲೋಡಿನಿಂದ ನಿಗದಿತ ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆ ಖಾತೆಗೆ ಜಮಾ ಮಾಡಬೇಕು. ಕಾನೂನು ಕೇಳುವ ಭದ್ರತೆ ಕನಿಷ್ಠ ಪ್ರಮಾಣದ್ದು; ನಿಜವಾದ ವೆಚ್ಚ ಅದನ್ನು ಮೀರಬಹುದು.

5. ಬಳಸದ ಹೊಂಡಕ್ಕೆ ಬೇಲಿ ಮತ್ತು ಎಚ್ಚರಿಕೆಯ ಫಲಕ ಕಡ್ಡಾಯವಾಗಿರಬೇಕು.

ಈ ಐದರಲ್ಲಿ ಯಾವುದಕ್ಕೂ ವಿದೇಶಿ ತಂತ್ರಜ್ಞಾನ ಬೇಕಿಲ್ಲ. ಗಣಿಗಾರಿಕೆ ನಡೆಯುವಾಗಲೇ ಮಾಡಿದರೆ ಅದರ ವೆಚ್ಚ ಕಲ್ಲಿನ ಬೆಲೆಯಲ್ಲಿ ಸೇರಿಹೋಗುತ್ತದೆ. ಬಿಟ್ಟರೆ ಮುಂದಿನ ತಲೆಮಾರಿನ ಲೆಕ್ಕದಲ್ಲಿ ಬಾಕಿಯಾಗಿ ಉಳಿಯುತ್ತದೆ. ಕ್ವಾರಿಯ ಜಮಾಖರ್ಚಿನಲ್ಲಿ ಮುಕ್ತಾಯ ವೆಚ್ಚಕ್ಕೆ ಒಂದು ಕಾಲಂ ತೆರೆಯುವುದು ಮೊದಲ ಹೆಜ್ಜೆ. ಅದನ್ನು ಈ ಆರ್ಥಿಕ ವರ್ಷದಿಂದಲೇ ತೆರೆಯಬಹುದು.